ಡ್ರಮ್ಮಿನ ಕಡೆಯಿಂದ ಕೇಳಿ

1967ರ ಫೆಬ್ರವರಿ 22. ಅಮೆರಿಕದ ನ್ಯೂ ಜೆರ್ಸಿಯ ಇಂಗಲ್‌ವುಡ್ ಕ್ಲಿಫ್ಸ್ ಅನ್ನೋ ಊರು. ಅಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್‌ನ ಸ್ಟುಡಿಯೋ. ಜಾಜ್ ಡ್ರಮ್ಮರ್ ರಶೀದ್ ಅಲಿ ಬಂದ, ಡ್ರಮ್ಮು ಸಿಂಬಲ್ಲು ಎಲ್ಲ ಜೋಡಿಸಿಕೊಂಡ, ಉಳಿದವರ ದಾರಿ ನೋಡುತ್ತಾ ಕೂತ. ಪಿಯಾನೋದವರು ಬರಲಿಲ್ಲ. ಬಾಸ್ ಅನ್ನೋ ದಪ್ಪ ದನಿಯ ತಂತಿವಾದ್ಯದವನೂ ಬರಲಿಲ್ಲ. ಎಲ್ಲಿ ಮಿಕ್ಕವರು ಅಂತ ಕೇಳಿದ್ದಕ್ಕೆ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್, ಇವತ್ತು ನಾವಿಬ್ಬರೇ ಅಂದನಂತೆ. ಅಲಿ ಮುಂದೆ ಸಂದರ್ಶನಗಳಲ್ಲಿ ಈ ಕಥೆ ಹೇಳುತ್ತಿದ್ದ. ಮೊದಲೇ ಹೇಳಿಲ್ಲ, ರಿಹರ್ಸಲ್ ಇಲ್ಲ. ಬಂದವನು ಕೂತು ನುಡಿಸಬೇಕು, ಅಷ್ಟೇ.

ಆ ದಿನ ಇಬ್ಬರೂ ನುಡಿಸಿದ್ದು ‘ಇಂಟರ್‌ಸ್ಟೆಲ್ಲರ್ ಸ್ಪೇಸ್’ ಅನ್ನುವ ಆಲ್ಬಂ ಆಗಿ ಹೊರಬಂದದ್ದು 1974ರಲ್ಲಿ, ಇಂಪಲ್ಸ್ ಕಂಪನಿಯಿಂದ. ಅಷ್ಟೊತ್ತಿಗೆ ಕೋಲ್ಟ್ರೇನ್ ಇರಲಿಲ್ಲ. ನಾಲ್ಕು ಟ್ರ್ಯಾಕ್, ಎಲ್ಲಾ ಸೇರಿ ಸುಮಾರು 36 ನಿಮಿಷ. ಹೆಸರುಗಳು ಗ್ರಹಗಳದ್ದು: ಮಾರ್ಸ್, ವೀನಸ್, ಜುಪಿಟರ್, ಸ್ಯಾಟರ್ನ್. ಮಂಗಳ, ಶುಕ್ರ, ಗುರು, ಶನಿ ಅಂತ ನಾನು ಕರೆಯೋದು. ನಮಗೆ ಹಾಗೇ ಬಾಯಿಗೆ ಬರುತ್ತೆ, ಅಲ್ವಾ?

ಈ ಆಲ್ಬಂ ಬಗ್ಗೆ ಬರೆದವರೆಲ್ಲ ಕೋಲ್ಟ್ರೇನ್ ಬಗ್ಗೆ ಬರೆಯುತ್ತಾರೆ. ಅವನ ಉಸಿರು, ಅವನ ಬೆರಳು, ಅವನ ದೇವರು. ಡ್ರಮ್ಮರ್‌ಗೆ ಕೊನೆಗೊಂದು ಪ್ಯಾರಾ. ನನ್ನ ತಕರಾರು ಅಲ್ಲೇ ಇರೋದು. ಸ್ಯಾಕ್ಸೋಫೋನ್ ಹಿಂದೆ ಓಡಿದರೆ ಈ ಸಂಗೀತ ಕೈಗೆ ಸಿಗಲ್ಲ. ಹತ್ತು ನಿಮಿಷದಲ್ಲಿ ತಲೆ ಬಿಸಿಯಾಗಿ ಬಂದ್ ಮಾಡ್ತೀರಿ. ಡ್ರಮ್ಮಿನ ಕಡೆ ಕೂತು ಕೇಳಿದರೆ ಅದೇ ಸ್ಯಾಕ್ಸೋಫೋನ್ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ.

ಕಲಬುರಗಿಯಲ್ಲಿ ಕೂತು ಇದನ್ನು ಕೇಳೋದಕ್ಕೆ ಒಂದು ಪ್ರಾಕ್ಟಿಕಲ್ ತೊಂದರೆ ಇದೆ. ನಮ್ಮ ಮನೆಗಳ ನೆಲಕ್ಕೆಲ್ಲ ಶಹಾಬಾದ್ ಪರಶಿ. ಬೇಸಿಗೆಯಲ್ಲಿ ಬರಿಗಾಲಲ್ಲಿ ನಿಂತರೆ ಹಿತ, ಆದರೆ ಸ್ಪೀಕರ್ ಹಚ್ಚಿದರೆ ಸದ್ದು ಹೀರುವ ವಸ್ತು ಕೋಣೆಯಲ್ಲಿ ಒಂದೂ ಇರಲ್ಲ. ಸಿಂಬಲ್ ಸದ್ದು ಕಲ್ಲಿಗೆ ಬಡಿದು, ಗೋಡೆಗೆ ಬಡಿದು, ಎಲ್ಲಾ ಕಲಸಿ ಬರೀ ‘ಶ್ಶ್’ ಅನ್ನೋದು ಉಳಿಯುತ್ತದೆ. ಈ ಆಲ್ಬಂನಲ್ಲಂತೂ ಅರ್ಧ ಜೀವ ಸಿಂಬಲ್‌ನಲ್ಲೇ ಇದೆ. ನಾನು ನೆಲಕ್ಕೆ ಎರಡು ಹಳೇ ಕೌದಿ ಹಾಸಿ, ಸ್ಪೀಕರ್‌ನ ಗೋಡೆಯಿಂದ ಮುಂದಕ್ಕೆ ಎಳೆದು ಇಟ್ಟುಕೊಂಡಿದ್ದೇನೆ. ವ್ಯತ್ಯಾಸ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಇಷ್ಟೆಲ್ಲ ಯಾರು ಮಾಡ್ತಾರೆ ಅಂದರೆ ಇಯರ್‌ಫೋನ್ ಹಾಕಿಕೊಂಡು ರಾತ್ರಿ ಮಾಳಿಗೆ ಹತ್ತಿ. ಮೇ ತಿಂಗಳಲ್ಲಿ ಹೇಗೂ ಒಳಗೆ ನಿದ್ದೆ ಬರಲ್ಲ. ವ್ಯಾನ್ ಗೆಲ್ಡರ್‌ನ ಸ್ಟುಡಿಯೋಕ್ಕೆ ಎತ್ತರದ ಮರದ ಚಾವಣಿ ಇತ್ತು. ಸದ್ದಿಗೆ ಮೇಲೆ ಹೋಗಿ ಹರಡಿಕೊಳ್ಳೋಕೆ ಜಾಗ ಸಿಗುತ್ತಿತ್ತು. ಮಾಳಿಗೆ ಮೇಲೆ ಇಯರ್‌ಫೋನ್‌ನಲ್ಲಿ ಕೇಳಿದಾಗ ಆ ಜಾಗ ಎಷ್ಟು ದೊಡ್ಡದು ಅಂತ ಅಂದಾಜು ಸಿಗುತ್ತದೆ.

ಮಾಮೂಲಿ ಜಾಜ್ ಡ್ರಮ್ಮರ್ ಕೆಲಸ ಏನು? ಬಲಗೈ ದೊಡ್ಡ ಸಿಂಬಲ್ ಮೇಲೆ ಒಂದೇ ನಡೆಯನ್ನು ಬಿಡದೆ ನಡೆಸುತ್ತದೆ. ಎಡಗಾಲು ಜೋಡಿ ಸಿಂಬಲ್ ಅನ್ನು ಎರಡನೇ, ನಾಲ್ಕನೇ ಎಣಿಕೆಗೆ ಮುಚ್ಚುತ್ತದೆ. ಉಳಿದ ಕೈ, ಕಾಲು ನಡುನಡುವೆ ಚೇಷ್ಟೆ ಮಾಡುತ್ತವೆ. ಚೇಷ್ಟೆ ಎಷ್ಟೇ ಇರಲಿ, ಎಣಿಕೆ ಕಾಯೋದು ಅವನ ಹೊಣೆ. ನಮ್ಮಲ್ಲಿ ತಬಲಾದವನು ಠೇಕಾ, ಅಂದರೆ ತಾಳದ ಗೊತ್ತಾದ ನಡೆ, ಹಿಡಿದುಕೊಂಡಿರುತ್ತಾನಲ್ಲ, ಅದೇ. ಅವನು ಇದ್ದಾನೆ ಅನ್ನೋ ಧೈರ್ಯದ ಮೇಲೆ ಹಾಡುವವರು ಎಲ್ಲೆಲ್ಲೋ ಅಲೆದು ತಾಳದ ಮೊದಲ ಎಣಿಕೆಗೆ, ಸಮ್‌ಗೆ, ಬಂದು ಬೀಳುತ್ತಾರೆ, ನಾವು ‘ಆಹಾ’ ಅಂತೀವಿ.

ರಶೀದ್ ಅಲಿ ಈ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟ. ಎಣಿಸುತ್ತಾ ಕೂತರೆ ಒಂದು, ಎರಡು ಅನ್ನೋದು ಸಿಗೋದೇ ಇಲ್ಲ. ಹಾಗಂತ ವೇಗ ಇಲ್ಲ ಅಂತಲ್ಲ. ನಮ್ಮ ನೆಹರೂ ಗಂಜ್ ಮಾರ್ಕೆಟ್‌ನಲ್ಲಿ ತೊಗರಿ ಚೀಲ ಬಿಚ್ಚಿ ತಾಡಪತ್ರಿ ಮೇಲೆ ಸುರಿಯೋದು ಕೇಳಿದ್ದೀರಾ? ಒಂದೊಂದು ಕಾಳೂ ಬೇರೆ ಬೇರೆ ಬೀಳುತ್ತದೆ, ಯಾವುದಕ್ಕೂ ತಾಳ ಇಲ್ಲ. ಆದರೂ ಚೀಲ ಜಾಸ್ತಿ ಬಾಗಿತು, ಈಗ ಕಮ್ಮಿ ಆಯಿತು, ಇನ್ನೇನು ಮುಗೀತು ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಅಲಿಯ ಡ್ರಮ್ಮಿನ ಲೆಕ್ಕ ಅದು. ದಟ್ಟ, ತೆಳು, ಹತ್ತಿರ, ದೂರ. ಎರಡು ಕೈ ಎರಡು ಕಾಲು ನಾಲ್ಕೂ ತಮ್ಮ ತಮ್ಮ ವೇಗದಲ್ಲಿ ಹೋಗುತ್ತವೆ, ಯಾವುದೂ ಇನ್ನೊಂದಕ್ಕೆ ಕಾಯಲ್ಲ. ಅಲಿ ಒಂದೇ ಸಲಕ್ಕೆ ಹಲವು ದಿಕ್ಕಿಗೆ ಹೋಗುವ ಲಯ ಹಾಸುತ್ತಾನೆ, ಅದರ ಮೇಲೆ ನಾನು ಯಾವ ಕಡೆಗೆ ಬೇಕಾದರೂ ತಿರುಗಬಹುದು ಅನ್ನೋ ಅರ್ಥದ ಮಾತನ್ನು ಕೋಲ್ಟ್ರೇನ್ 1966ರಲ್ಲಿ ಹೇಳಿದ್ದ. ಬರೀ ಹೊಗಳಿಕೆ ಅಲ್ಲ, ಅಲಿ ಮಾಡುವ ಕೆಲಸದ ವಿವರ ಅದು.

ಆ ಹೊತ್ತಿಗೆ ಕೋಲ್ಟ್ರೇನ್‌ನ ಹಳೇ ತಂಡ ಒಡೆದಿತ್ತು. ಪಿಯಾನೋದ ಮೆಕಾಯ್ ಟೈನರ್ 1965ರ ಕೊನೆಗೆ ಹೊರಟ. ಡ್ರಮ್ಸ್‌ನ ಎಲ್ವಿನ್ ಜೋನ್ಸ್ 1966ರ ಶುರುವಿನಲ್ಲಿ. ಸ್ವಲ್ಪ ದಿನ ಎಲ್ವಿನ್, ಅಲಿ ಇಬ್ಬರೂ ಒಟ್ಟಿಗೇ ನುಡಿಸಿದ್ದರು. ಎಲ್ವಿನ್ ಕಮ್ಮಿ ಕಲಾವಿದ ಅಲ್ಲವೇ ಅಲ್ಲ, ಅವನ ಲಯ ಸುತ್ತಿ ಸುತ್ತಿ ಬರುವ ದೊಡ್ಡ ಚಕ್ರ. ಕೋಲ್ಟ್ರೇನ್‌ಗೆ ಆಗ ಬೇಕಾಗಿದ್ದದ್ದು ಆ ಚಕ್ರದಿಂದಾಚೆ ಹೋಗೋದು.

ಹಿಂದುಸ್ತಾನಿ ಕೇಳುವವರಿಗೆ ನಾನು ಒಂದು ಮಾತು ಹೇಳ್ತೀನಿ. ಆಲಾಪ ನಿಮಗೆ ಗೊತ್ತು. ತಾಳ ಇಲ್ಲ, ಒಬ್ಬರೇ ಸ್ವರದ ಜೊತೆ ಓಡಾಡುತ್ತಾರೆ, ತಬಲಾದವರು ಸುಮ್ನೆ ಕೈ ಕಟ್ಟಿ ಕೂತಿರುತ್ತಾರೆ. ಈಗ ಆ ತಬಲಾದವರು ಆಲಾಪದಲ್ಲೇ ಸೇರಿಕೊಂಡರು ಅಂದುಕೊಳ್ಳಿ. ತಾಳ ಹಿಡಿಯದೆ. ಅವರೂ ಆಲಾಪವನ್ನೇ ಮಾಡುತ್ತಾ. ನಮ್ಮಲ್ಲಿ ಇದು ನಡೆಯಲ್ಲ, ತಾಳವಾದ್ಯ ಬಂತು ಅಂದರೆ ಆವರ್ತನ ಬಂತು ಅಂತಲೇ ಲೆಕ್ಕ. ಅದಕ್ಕೇ ಇದನ್ನು ಜುಗಲ್‌ಬಂದಿ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಜುಗಲ್‌ಬಂದಿಯಲ್ಲಿ ಸವಾಲ್-ಜವಾಬ್ ಇದೆ, ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಬೇಕು, ಕೊನೆಗೆ ಇಬ್ಬರೂ ಒಂದೇ ಕಡೆ ಬಂದು ನಿಲ್ಲಬೇಕು, ಚಪ್ಪಾಳೆ. ಇಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಮಾತಾಡುತ್ತಾರೆ. ಯಾರೂ ಯಾರದ್ದನ್ನೂ ಕಾಪಿ ಹೊಡೆಯಲ್ಲ. ಕೋಲ್ಟ್ರೇನ್ ಉಸಿರು ಎಳೆದುಕೊಳ್ಳುವಾಗ ಅಲಿ ಆ ಜಾಗ ತುಂಬೋಕೆ ಹೋಗದೆ ತನ್ನ ಪಾಡಿಗೆ ತಾನಿರುತ್ತಾನೆ. ಆ ಬಿಡುವು ಹಾಗೇ ಇರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದು.

ನಮ್ಮ ಓಣಿಯಲ್ಲಿ ಒಬ್ಬ ಗೆಳೆಯ ಇದ್ದಾನೆ. ಹೋಳಿ ಹುಣ್ಣಿಮೆ ಹತ್ತಿರ ಬಂತಂದ್ರೆ ಹಲಗಿ ಕೈಗೆ ಬರುತ್ತದೆ, ಮೊಹರಂನಲ್ಲೂ ಅಷ್ಟೇ. ಬಾರಿಸೋಕೆ ಮುಂಚೆ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಸುತ್ತಾನೆ. ಅವಸರ ಮಾಡಲ್ಲ. ಹಲಗಿಯನ್ನು ಉರಿ ಮೇಲೆ ತಿರುಗಿಸುತ್ತಾ ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಾನೆ. ಮೊದಲು ‘ದಬ್’ ಅನ್ನುತ್ತದೆ. ಆಮೇಲೆ ಚರ್ಮ ಬಿಗಿದು ‘ಠಣ್’ ಅನ್ನುತ್ತದೆ. ಆಗ ಬಲಗೈಗೆ ದಪ್ಪ ಕೋಲು, ಎಡಗೈಗೆ ಉದ್ದನೆ ಸಣ್ಣ ಕಡ್ಡಿ. ಆ ಸಣ್ಣ ಕಡ್ಡಿಯದ್ದೇ ಚಮತ್ಕಾರ. ಚರ್ಮದ ಅಂಚಿನಲ್ಲಿ ಅದು ಚಟಪಟ ಅಂತಿದ್ದರೆ ದಪ್ಪ ಕೋಲು ನಡುವೆ ಬೀಳುತ್ತಿರುತ್ತದೆ.

ಅವನಿಗೆ ಮಂಗಳ ಟ್ರ್ಯಾಕ್ ಕೇಳಿಸಿದೆ, ಏನೂ ಹೇಳದೆ. ಕಿವಿಗೆ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದ.

“ಎಷ್ಟ್ ಮಂದಿ ಹೊಡಿಲಾಕತ್ಯಾರ?”

ಒಬ್ಬನೇ ಅಂದೆ.

“ಸುಳ್ಳ ಹೇಳಬ್ಯಾಡ.”

ಇನ್ನೂ ಸ್ವಲ್ಪ ಕೇಳಿದ. ಪೀಪಿಯವನ ಬಗ್ಗೆ ಅವನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಡ್ರಮ್ಮಿನವನದ್ದೇ ಚಿಂತೆ. “ಇವ ಒಂದು ಅಂತ ಎಲ್ಲಿ ಅಂತಾನ?” ಎಲ್ಲೂ ಅನ್ನಲ್ಲ ಅಂದೆ. “ಮತ್ತ ಬಿಡೋದ್ ಹ್ಯಾಂಗ? ಮುಗೀತಂತ ಇಬ್ಬರಿಗೂ ಹ್ಯಾಂಗ ಗೊತ್ತಾಗ್ತದ?”

ಇದಕ್ಕಿಂತ ಒಳ್ಳೇ ಪ್ರಶ್ನೆ ಈ ಆಲ್ಬಂ ಬಗ್ಗೆ ನಾನು ಎಲ್ಲೂ ಓದಿಲ್ಲ. ಉತ್ತರ ಆಲ್ಬಂನಲ್ಲೇ ಇದೆ. ಪೂರ್ತಿ ಗಾಳಿಯಲ್ಲಿ ಬಿಟ್ಟಿದ್ದಲ್ಲ ಇದು. ಮಂಗಳ ಶುರುವಾಗೋದು ಸಣ್ಣ ಗಂಟೆಗಳ ಸದ್ದಿನಿಂದ. ಅವನ್ನು ಅಲ್ಲಾಡಿಸೋದು ಕೋಲ್ಟ್ರೇನೇ. ಆಮೇಲೆ ಸ್ಯಾಕ್ಸೋಫೋನ್ ಒಂದು ಪುಟ್ಟ ಸೊಲ್ಲನ್ನು ನುಡಿಸುತ್ತದೆ. ಅಲ್ಲಿಂದ ಹೊರಟರೆ ಎಲ್ಲೆಲ್ಲಿಗೋ. ತಿರುಗಿ ಆ ಸೊಲ್ಲಿನ ಹತ್ತಿರ ಬಂದರು ಅಂದರೆ ಮನೆ ಹತ್ತಿರ ಬಂತು ಅಂತ ಅರ್ಥ. ಎಷ್ಟು ಹೊತ್ತಿಗೆ ಬರಬೇಕು, ಯಾವ ದಾರಿ ಅನ್ನೋದು ಮಾತ್ರ ಮೊದಲೇ ಗೊತ್ತಿಲ್ಲ. ಅದನ್ನು ಕಿವಿಯಲ್ಲೇ ತಿಳಿದುಕೊಳ್ಳಬೇಕು. ಅಲಿ ತಿಳಿದುಕೊಳ್ಳುತ್ತಾನೆ. ಸ್ಯಾಕ್ಸೋಫೋನ್ ಇನ್ನೂ ಜೋರಲ್ಲೇ ಇರುವಾಗ ಅವನ ಕೈ ಒಂದಿಷ್ಟು ತೆಳುವಾಗೋದನ್ನು ಗಮನಿಸಿ. ಅಲ್ಲಿಂದ ಸ್ವಲ್ಪ ಹೊತ್ತಿಗೆ ಆ ಸೊಲ್ಲು ಬರುತ್ತದೆ.

ಒಂದೊಂದು ಟ್ರ್ಯಾಕ್ ಬಗ್ಗೆಯೂ ಸಮನಾಗಿ ಬರೆಯೋಕೆ ನನ್ನ ಹತ್ತಿರ ವಿಷಯ ಇಲ್ಲ. ಗುರು ಚಿಕ್ಕದು, ಐದು ನಿಮಿಷ ಚಿಲ್ಲರೆ, ಬಂದು ಹೋಗಿಬಿಡುತ್ತದೆ. ಮಂಗಳವೇ ದೊಡ್ಡ ಪರೀಕ್ಷೆ. ಅದರಲ್ಲಿ ಕೋಲ್ಟ್ರೇನ್ ಒಂದು ಕೆಲಸ ಮಾಡುತ್ತಾನೆ. ಟೆನರ್ ಸ್ಯಾಕ್ಸೋಫೋನ್‌ನ ತೀರಾ ಕೆಳಗಿನ ಸ್ವರಗಳಲ್ಲಿ ಒಂದು ತುಣುಕು ನುಡಿಸಿ, ಉಸಿರು ಬಿಡದೆ ತೀರಾ ಮೇಲಕ್ಕೆ ಹಾರಿ ಇನ್ನೊಂದು ತುಣುಕು. ಮತ್ತೆ ಕೆಳಗೆ. ಮತ್ತೆ ಮೇಲೆ. ಹೀಗೆ ಸ್ವಲ್ಪ ಹೊತ್ತು ನಡೆದರೆ ಇಬ್ಬರು ಊದುತ್ತಿದ್ದಾರೆ ಅಂತಲೇ ಅನ್ನಿಸುತ್ತದೆ, ಒಬ್ಬ ಗುಡುಗುವವನು, ಇನ್ನೊಬ್ಬ ಚೀರುವವನು. ಡ್ರಮ್ಮಿನಲ್ಲಿ ನಾಲ್ಕು, ಊದೋದರಲ್ಲಿ ಎರಡು. ಇಬ್ಬರೇ ಇರುವ ಕೋಣೆಯಲ್ಲಿ ಆರು ಜನ. ಒಮ್ಮೊಮ್ಮೆ ಒಂದೇ ಸ್ವರ ಸೀಳಿ ಎರಡು ಸ್ವರ ಒಟ್ಟಿಗೆ ಕೇಳುತ್ತದೆ. ರೀಡನ್ನು (ನಡುಗಿ ದನಿ ಹುಟ್ಟಿಸುವ ತೆಳು ಪಟ್ಟಿ) ತುಟಿಯಲ್ಲಿ ಹಿಡಿಯುವ ಬಿಗಿ, ಗಂಟಲು, ಬೆರಳು ಹಿಡಿಯುವ ರೀತಿ ಇವನ್ನು ಬದಲಿಸಿ ಮಾಡುವ ಕೆಲಸ ಅದು. ಕೈ ತಪ್ಪಿ ಆದದ್ದು ಅಂದುಕೊಳ್ಳಬೇಡಿ.

ಮೊದಲ ಸಲ ಕೇಳುವವರು ಶುಕ್ರದಿಂದ ಶುರು ಮಾಡಿ. ಇಲ್ಲಿ ಅಲಿ ಕೋಲು ಬಿಟ್ಟು ಬ್ರಷ್ ಹಿಡಿಯುತ್ತಾನೆ. ತಂತಿ ಎಳೆಗಳ ಆ ಬ್ರಷ್ ಡ್ರಮ್ಮಿನ ಮೈ ಮೇಲೆ ಉಜ್ಜಿದಂತೆ, ಸಿಂಬಲ್ ಮೇಲೆ ಸವರಿದಂತೆ ಹೋಗುತ್ತದೆ. ಅದರ ಮೇಲೆ ಕೋಲ್ಟ್ರೇನ್ ನುಡಿಸೋದು ನಿಜಕ್ಕೂ ಹಾಡು. ಗುನುಗಬಹುದಾದ ಹಾಡು. ಹೋಗ್ತಾ ಹೋಗ್ತಾ ಅದು ಬಿಚ್ಚಿಕೊಂಡು ಮೇಲಿಂದ ಕೆಳಗಿನವರೆಗೆ ಸ್ವರಗಳ ಸುರಿಮಳೆ ಆಗುತ್ತದೆ, ಆದರೂ ಬ್ರಷ್‌ನ ಸದ್ದು ಗಾಬರಿ ಬೀಳಲ್ಲ.

ಶನಿಯ ಬಗ್ಗೆ ಒಂದು ತಮಾಷೆ. ನಮ್ಮ ಕಡೆ ಶನಿ ಅಂದ ಕೂಡಲೇ ಜನ ಎಣ್ಣೆ ಬತ್ತಿ ಹುಡುಕುತ್ತಾರೆ, ಏಳೂವರೆ ವರ್ಷದ ಲೆಕ್ಕ ಹಾಕುತ್ತಾರೆ. ಇಲ್ಲಿ ಶನಿಯೇ ಆಲ್ಬಂನ ಖುಷಿ ಖುಷಿ ಟ್ರ್ಯಾಕ್. ಮೊದಲು ಡ್ರಮ್ಮು ಒಂದೇ. ಅವಸರ ಇಲ್ಲದೆ ಅಲಿ ತನ್ನ ಸಾಮಾನೆಲ್ಲ ಒಂದೊಂದಾಗಿ ತೋರಿಸುತ್ತಾನೆ. ಆಮೇಲೆ ಸ್ಯಾಕ್ಸೋಫೋನ್ ಬರುವಾಗ ಒಂದು ತೂಗಾಟ ಇದೆ, ಅಲ್ಲಿ ಭುಜ ತಾನಾಗಿ ಅಲ್ಲಾಡುತ್ತದೆ. ನನ್ನ ಮಾತು ನಂಬದವರು ಅಷ್ಟನ್ನು ಮಾತ್ರ ಕೇಳಿ ನೋಡಲಿ.

ಸ್ಯಾಕ್ಸೋಫೋನ್ ಅಂದರೆ ಕನ್ನಡದವರಿಗೆ ಕದ್ರಿ ಗೋಪಾಲನಾಥ್. ಅದು ಸಹಜ. ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಆ ವಾದ್ಯ ನೋಡಿ ಮರುಳಾದವರು ಅವರು. ನಾಗಸ್ವರದ ಮನೆತನ. ಪಾಶ್ಚಾತ್ಯ ವಾದ್ಯದಲ್ಲಿ ಗಮಕ ಹೊರಡಿಸಿ ತೋರಿಸಿದರು. ಅವರದ್ದು ಆಲ್ಟೋ, ಕೋಲ್ಟ್ರೇನ್ ಇಲ್ಲಿ ನುಡಿಸಿದ್ದು ಟೆನರ್, ಅದಕ್ಕಿಂತ ದಪ್ಪ ದನಿ. ಕರಾವಳಿಯವರಿಗೆ ನಾಗಸ್ವರದ ದಾರಿ ಇದ್ದ ಹಾಗೆ ನಮ್ಮ ಭಾಗದವರಿಗೆ ಸನಾದಿಯ ದಾರಿ ಇದೆ ಅಂತ ನನಗನ್ನಿಸುತ್ತದೆ. ಸ್ಯಾಕ್ಸೋಫೋನ್ ಮೈ ಹಿತ್ತಾಳೆಯದ್ದಾದರೂ ದನಿ ಹುಟ್ಟೋದು ಬಾಯಲ್ಲಿರುವ ರೀಡಿನಿಂದ. ಸನಾದಿಗೂ ರೀಡೇ, ಆದರೆ ಜೋಡಿ ರೀಡು. ಎರಡರ ಕೊಳವೆಯೂ ಬಾಯಿಂದ ದೂರ ಹೋದಂತೆ ಅಗಲವಾಗುತ್ತಾ ಹೋಗುವಂಥದ್ದು. ಅದಕ್ಕೇ ಜೋರಾಗಿ ಊದಿದರೆ ಎರಡೂ ಒಂದು ಸಪ್ತಕ ಮೇಲಕ್ಕೆ ಹಾರುತ್ತವೆ, ಎರಡರಲ್ಲೂ ಆ ಅಳುವ, ಕೂಗುವ ಗುಣ ಇದೆ. ಜಾತ್ರೆಯಲ್ಲಿ ಕರಡಿ ಮಜಲಿನವರ ಪಕ್ಕ ನಿಂತು ಬೆಳೆದವರ ಕಿವಿ, ಊದುವ ವಾದ್ಯ ಮತ್ತು ಚರ್ಮದ ವಾದ್ಯ ಕೂಡಿ ಇಡೀ ಬೀದಿ ತುಂಬಿಸೋದನ್ನು ಆಗಲೇ ಕೇಳಿರುತ್ತದೆ. ಪಿಯಾನೋ ಎಲ್ಲಿ, ಬಾಸ್ ಎಲ್ಲಿ ಅಂತ ಆ ಕಿವಿ ಕೇಳಲ್ಲ.

ಹೋಲಿಕೆ ಅಲ್ಲಿಗೆ ಸಾಕು. ಕರಡಿ ಮಜಲು ಇರೋದು ನಡೆಯೋರಿಗಾಗಿ. ತೇರಿನ ಮುಂದೆ, ಮದುವೆ ಮೆರವಣಿಗೆ ಮುಂದೆ ಹೆಜ್ಜೆ ಹಾಕುವವರ ಕಾಲಿಗೆ ಆ ಲಯ ಬೇಕು. ರಶೀದ್ ಅಲಿಯ ಹಿಂದೆ ಮೆರವಣಿಗೆ ಹೊರಟರೆ ಜನ ಮುಗ್ಗರಿಸಿ ಬೀಳುತ್ತಾರೆ. ಎಲ್ಲಾ ಜಗತ್ತಿನ ಸಂಗೀತ ಒಂದೇ ಅನ್ನೋ ಭಾಷಣ ನನಗೆ ಹಿಡಿಸಲ್ಲ. ಕೋಲ್ಟ್ರೇನ್‌ಗೆ ನಮ್ಮ ಸಂಗೀತದ ಹುಚ್ಚು ಇತ್ತು, ಅದು ನಿಜ. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರ್ ಮೇಲಿನ ಅಭಿಮಾನದಿಂದ ರವಿ ಅಂತ ಹೆಸರಿಟ್ಟ. ಆದರೆ ಈ ಆಲ್ಬಂನಲ್ಲಿ ರಾಗ ಹುಡುಕಲು ಹೋದರೆ ಸಿಗಲ್ಲ, ಹುಡುಕೋದೂ ಬೇಡ.

ಇನ್ನೊಂದು ಹುಡುಕಾಟವೂ ನನಗೆ ಕಿರಿಕಿರಿ. ರೆಕಾರ್ಡ್ ಆದ ಮೇಲೆ ಐದು ತಿಂಗಳೂ ತುಂಬಿರಲಿಲ್ಲ, ಜುಲೈ 17ರಂದು ಕೋಲ್ಟ್ರೇನ್ ಲಿವರ್ ಕ್ಯಾನ್ಸರ್‌ನಿಂದ ಸತ್ತ. ವಯಸ್ಸು 40. ಇದು ಗೊತ್ತಾದ ಮೇಲೆ ಜನ ಪ್ರತಿ ಸ್ವರದಲ್ಲೂ ಸಾವಿನ ನೆರಳು ಕಾಣೋಕೆ ಶುರು ಮಾಡುತ್ತಾರೆ. ಸಾಯುವ ಮನುಷ್ಯನ ಕೊನೇ ಕೂಗು ಅಂತೆ. ಮಂಗಳದಲ್ಲಿ ಆ ಹತ್ತು ನಿಮಿಷ ಊದೋದಕ್ಕೆ ಎಷ್ಟು ದಮ್ಮು ಬೇಕು ಅಂತ ಯೋಚಿಸಿ. ನನಗೆ ಕೇಳೋದು ಹೊಸ ಕೆಲಸ ಸಿಕ್ಕ ಮನುಷ್ಯನ ಉಮೇದು. ಎದುರಿಗೆ 33 ವರ್ಷದ ಅಲಿ. ಹೊಸದಾಗಿ ಏನೋ ಸಿಕ್ಕಿದೆ ಅಂತ ಇಬ್ಬರಿಗೂ ಗೊತ್ತಿದೆ.

ಇದು ಬರೀ ಗಲಾಟೆ ಅನ್ನುವವರ ಜೊತೆ ನಾನು ಜಗಳ ಆಡಲ್ಲ. ನಮ್ಮ ಮನೆಯಲ್ಲೇ ಇದ್ದಾರೆ. “ಏನ್ ಹಚ್ಚಿದ್ಯೋ ಅದನ್ನ, ತಗಿ ಮೊದಲ” ಅಂತ ಅಡುಗೆಮನೆಯಿಂದ ಕೂಗು ಬರುತ್ತದೆ. ತಗೀತೀನಿ. ಅವರಿಗೆ ಅದು ಬೇಕಾಗಿಲ್ಲ, ಅಷ್ಟೇ. ಆದರೆ ಅವರದ್ದೊಂದು ಮಾತು ನನಗೆ ಉಪಯೋಗಕ್ಕೆ ಬಂತು: ಅದು ಯಾವಾಗ ನಿಲ್ಲುತ್ತೆ ಅಂತ ಗೊತ್ತಾಗದೇ ಇರೋದಕ್ಕೇ ತ್ರಾಸ ಆಗ್ತದ ಅಂತ. ಹಲಗಿಯ ಗೆಳೆಯ ಕೇಳಿದ್ದೂ ಹೆಚ್ಚುಕಮ್ಮಿ ಅದೇ. ಒಬ್ಬರಿಗೆ ತ್ರಾಸ, ಇನ್ನೊಬ್ಬರಿಗೆ ಕುತೂಹಲ.

ಅಲಿ ಆಮೇಲೂ ಸುಮ್ಮನೆ ಕೂರಲಿಲ್ಲ. ಸರ್ವೈವಲ್ ಅನ್ನೋ ಸ್ವಂತ ರೆಕಾರ್ಡ್ ಕಂಪನಿ ಶುರು ಮಾಡಿದ. 1970ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಅಲೀಸ್ ಆ್ಯಲಿ ಅಂತ ತನ್ನದೇ ಕ್ಲಬ್ ನಡೆಸಿದ. ಸ್ಯಾಕ್ಸೋಫೋನ್ ವಾದಕ ಫ್ರಾಂಕ್ ಲೋ ಜೊತೆ ‘ಡ್ಯುವೋ ಎಕ್ಸ್‌ಚೇಂಜ್’ ಮಾಡಿದ, ಅದೂ ಇಬ್ಬರೇ. ‘ಇಂಟರ್‌ಸ್ಟೆಲ್ಲರ್ ಸ್ಪೇಸ್’ ಹೊರಬರೋಕೆ ಮುಂಚೆಯೇ ಅದು ಬಂದಿತ್ತು ಅನ್ನೋದು ನೆನಪಿರಲಿ. ಅಂದರೆ ಆ ಆಲ್ಬಂ ಹೊರಬರಲಿ ಅಂತ ಕಾಯದೆ ಅವನು ಈ ಜೋಡಿ ವಾದನದ ದಾರಿ ಹಿಡಿದು ನಡೆದಿದ್ದ. 2009ರಲ್ಲಿ ತೀರಿಕೊಂಡ. ಅಂದಹಾಗೆ ಅವನ ತಮ್ಮನೂ ಡ್ರಮ್ಮರ್, ಹೆಸರು ಮುಹಮ್ಮದ್ ಅಲಿ. ಬಾಕ್ಸರ್ ಅಲ್ಲ.

ಇದು ಹಿಡಿಸಿದರೆ ಮುಂದಕ್ಕೆ ಎರಡು. ಡ್ರಮ್ಮರ್ ಮ್ಯಾಕ್ಸ್ ರೋಚ್ ಮತ್ತು ಸ್ಯಾಕ್ಸೋಫೋನ್‌ನ ಆಂಥನಿ ಬ್ರಾಕ್ಸ್‌ಟನ್ 1978ರಲ್ಲಿ ನುಡಿಸಿದ ‘ಬರ್ತ್ ಆ್ಯಂಡ್ ರೀಬರ್ತ್’. ಅಲ್ಲಿ ಡ್ರಮ್ಮು ಎಣಿಕೆಯನ್ನು ಪೂರ್ತಿ ಬಿಟ್ಟುಕೊಡಲ್ಲ, ಹಲಗಿ ಕಡೆಯವರಿಗೆ ಕಾಲೂರೋಕೆ ಜಾಗ ಸಿಗುತ್ತದೆ. ಗೆಳೆಯನಿಗೆ ಮುಂದಿನ ಸಲ ಅದನ್ನೇ ಕೇಳಿಸೋದು ಅಂತಿದ್ದೇನೆ. ಇನ್ನೊಂದು ಸ್ಯಾಕ್ಸೋಫೋನ್‌ನ ಪೀಟರ್ ಬ್ರೋಟ್ಸ್‌ಮನ್ ಮತ್ತು ಡ್ರಮ್ಮರ್ ಹಾನ್ ಬೆನಿಂಕ್ 1977ರಲ್ಲಿ ಜರ್ಮನಿಯ ಬ್ಲಾಕ್ ಫಾರೆಸ್ಟ್‌ಗೆ ಹೋಗಿ ಬಯಲಲ್ಲೇ ರೆಕಾರ್ಡ್ ಮಾಡಿದ್ದು. ಮರ, ಕಲ್ಲು, ನೀರು ಎಲ್ಲವನ್ನೂ ಬಡಿದಿದ್ದಾರೆ. ಅದನ್ನು ಮಾತ್ರ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಹಚ್ಚಿ.